ಐವತ್ತನಾಲ್ಕು ದಿನದ ಮೀಸೆ

ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದರ್ಧವನ್ನು ನೀವೇ ಸೋಸಿಕೊಳ್ಳಿ.

ಗುಂಡಗಿರಿ ಎಂಬ ಪುಟ್ಟ ರಾಜ್ಯಕ್ಕೆ ಚಂಡರಸ ಎಂಬ ದೊರೆ. ರಾಜ್ಯ ಚಿಕ್ಕದು, ಮೀಸೆ ದೊಡ್ಡದು. ದಿನಾ ಬೆಳಗ್ಗೆ ಕ್ಷೌರಿಕ ಗುರುಶಾಂತ ಬಂದು, ಮೂಗಿನ ಬುಡದಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೂಲು ಹಿಡಿದು ಅಳೆದು, ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕತ್ತರಿಸಬೇಕು. ಆಮೇಲೇ ಸಭೆ, ಆಮೇಲೇ ಪರಾಕು.

ಒಂದು ದಿನ ದೊರೆಗೆ ಮಕ್ಕಳ ಲೆಕ್ಕದ ಮಠ ನೋಡುವ ಉಮೇದು ಬಂತು. ಮೇಷ್ಟ್ರು ನಂಜರಸಯ್ಯ ಊರ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು. ದೊರೆ ಮೀಸೆ ತಿರುವಿ ಎದೆಯುಬ್ಬಿಸಿದ.

"ನಾನು ಹೇಳಿಕೊಡ್ತೀನಿ, ಹೇಳ್ರೋ! ಏಳೆಂಟ್ಲ ಐವತ್ತನಾಲ್ಕು!"

ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಮೆಲ್ಲಗೆ, "ಐವತ್ತಾರು ಕಣಜ್ಜಾ" ಎಂದಳು. ಇಡೀ ಮಠ ಕಿಸಕ್ಕೆಂದಿತು.

ತಿದ್ದಿದ್ದನ್ನು ದೊರೆ ಕ್ಷಮಿಸುತ್ತಿದ್ದನೇನೋ. 'ಅಜ್ಜಾ' ಎಂದದ್ದನ್ನು ಹೇಗೆ ಕ್ಷಮಿಸುವುದು?

ಸಭೆಗೆ ಬಂದವನೇ ಗುಡುಗಿದ. "ಆ ಮಠಕ್ಕೆ ಬೀಗ ಹಾಕಿ! ನಂಜರಸಯ್ಯ ನಾಳೆ ಊರು ಬಿಡಲಿ! ಕಲ್ಲುಕುಟಿಗನ ಮಗ ಕಲ್ಲು ಕುಟ್ಟುತ್ತಾನೆ, ಅಡುಗೆಯವನ ಮಗ ಸೌಟು ಹಿಡಿಯುತ್ತಾನೆ. ಅವರಿಗೆಲ್ಲ ಮಗ್ಗಿ ಯಾಕೆ? ನನ್ನನ್ನೇ ನೋಡಿ, ಲೆಕ್ಕ ಕಲಿಯದೆ ರಾಜ್ಯ ಆಳುತ್ತಿಲ್ಲವೇ?"

"ರಾಜ್ಯದ ಮುಖ ನೋಡಿದರೇ ತಿಳಿಯುತ್ತೆ, ಪ್ರಭು" ಎಂದ ಆಸ್ಥಾನದ ವಿದೂಷಕ ಬೊಪ್ಪಣ್ಣ, ಬಹಳ ಭಕ್ತಿಯಿಂದ.

ದೊರೆ ಹಲ್ಲು ಕಚ್ಚಿದ. "ನಿನ್ನ ನಾಲಿಗೆಗೊಂದು ಕೆಲಸ ಕೊಡ್ತೀನಿ. ನಾಳೆ ಸಭೆ ಸೇರುವುದರೊಳಗೆ ಲೆಕ್ಕವಿಲ್ಲದೆ ನಡೆಯದ ಒಂದೇ ಒಂದು ಕಸುಬು ತೋರಿಸು. ವ್ಯಾಪಾರಿ, ಕರಣಿಕ, ಇವರಿಬ್ಬರ ಹೆಸರು ಎತ್ತಕೂಡದು. ತೋರಿಸಿದರೆ ಮಠ ಉಳಿಯುತ್ತೆ. ಇಲ್ಲದಿದ್ದರೆ ಮೇಷ್ಟ್ರ ಜೊತೆ ನೀನೂ ಹೊರಡು, ಮೀಸೆ ಬೋಳಿಸಿಕೊಂಡು!"

"ಎಂಥ ನ್ಯಾಯ!" ಬೊಪ್ಪಣ್ಣ ಕೈಮುಗಿದ. "ಆದರೆ ಇಂಥ ಘನವಾದ ಅಪ್ಪಣೆ ಬರೀ ಮಕ್ಕಳಿಗೇಕೆ ಪ್ರಭು? ಅರಮನೆಯಲ್ಲೂ ನಾಳೆ ಸಭೆ ಸೇರುವವರೆಗೆ ಯಾರೂ ಎಣಿಸಬಾರದು, ಅಳೆಯಬಾರದು, ತೂಗಬಾರದು ಅಂತ ಡಂಗುರ ಹೊಡೆಸಿ. ಲೆಕ್ಕವಿಲ್ಲದೆ ಲೋಕ ಎಷ್ಟು ಸೊಗಸಾಗಿ ನಡೆಯುತ್ತೆ ಅಂತ ಜನ ನೋಡಲಿ."

"ಹೊಡೆಸಿ ಡಂಗುರ!" ಎಂದ ದೊರೆ. ಹೊಗಳಿಕೆಯ ಬಟ್ಟಲಲ್ಲಿ ಕೊಟ್ಟರೆ ಬೇವಿನ ಕಷಾಯವನ್ನೂ ಗಟಗಟ ಕುಡಿಯುವ ಆಸಾಮಿ ಅವನು.

ಮರುದಿನ ಬೆಳಗ್ಗೆ ಗುರುಶಾಂತ ಕತ್ತರಿ, ಕನ್ನಡಿ ಹಿಡಿದು ಬಂದ. ಬಾಗಿಲ ಬಳಿ ಬೊಪ್ಪಣ್ಣ ಅಡಿಕೆ ಜಗಿಯುತ್ತ ಕೂತಿದ್ದ.

"ನೂಲೆಲ್ಲೋ?" ಎಂದ ದೊರೆ.

"ಮನೇಲಿ ಬಿಟ್ಟು ಬಂದೆ ಬುದ್ಧೀ. ಅಳೆಯಬಾರದು ಅಂತ ಡಂಗುರ ಆಗಿದೆಯಲ್ಲ."

"ಸರಿ ಸರಿ, ಅಂದಾಜಲ್ಲಿ ಕತ್ತರಿಸು. ಇಷ್ಟು ವರ್ಷ ಮಾಡಿದ್ದೀಯ, ಕೈಗೆ ಗೊತ್ತಿರಲ್ವೇ?"

"ಕೈಗೇನು ಗೊತ್ತು ಬುದ್ಧೀ, ನೂಲಿಗೆ ಗೊತ್ತಿತ್ತು" ಎನ್ನುತ್ತ ಗುರುಶಾಂತ ಬಲಗಡೆ ಕತ್ತರಿ ಆಡಿಸಿದ.

ದೊರೆ ಕನ್ನಡಿ ನೋಡಿದ. "ಎಡಗಡೆ ಉದ್ದ ಆಯ್ತಲ್ಲೋ!"

ಎಡಗಡೆ ಕಚಕ್.

"ಈಗ ಬಲಗಡೆ ಉದ್ದ!"

ಬಲಗಡೆ ಕಚಕ್.

"ಥೂ, ಮತ್ತೆ ಎಡಗಡೆ!"

ಹೀಗೆ ಎಷ್ಟು ಸಲ ಆಯಿತೋ ನಾನು ಹೇಳಲಾರೆ, ಅವತ್ತು ಎಣಿಸುವ ಹಾಗಿರಲಿಲ್ಲ. ಕೊನೆಗೆ ದೊರೆಯ ಮೂಗಿನ ಕೆಳಗೆ ನೊಣಗಳ ಜೋಡಿ ಕೂತಂತೆ ಏನೋ ಉಳಿಯಿತು. ಅದರಲ್ಲೂ ಎಡಗಡೆಯ ನೊಣ ಸ್ವಲ್ಪ ದಪ್ಪ.

ಗುರುಶಾಂತ ಮತ್ತೆ ಕತ್ತರಿ ಎತ್ತಿದ. ದೊರೆ ಅಂಗೈಯಿಂದ ಮೀಸೆ ಮುಚ್ಚಿಕೊಂಡು ಕಿರುಚಿದ.

"ನಿಲ್ಲಿಸೋ! ನೂಲು ತರಿಸು! ಅಳೆದು ಕತ್ತರಿಸು!"

"ಪ್ರಭು, ಡಂಗುರ..." ಬೊಪ್ಪಣ್ಣ ಮೆಲ್ಲಗೆ ನೆನಪಿಸಿದ.

"ಡಂಗುರಕ್ಕೆ ಬೆಂಕಿ ಬೀಳ! ಅಳತೆ ಇಲ್ಲದೆ ಈ ಕೆಲಸ ಆಗೋದಿಲ್ಲ ಅಂತ ನಿನ್ನ ಕಣ್ಣಿಗೆ ಕಾಣಿಸ್ತಾ ಇಲ್ವೇನೋ?"

ಬೊಪ್ಪಣ್ಣ ಅಡಿಕೆ ಉಗಿದು ಬಂದು ನೆಲಕ್ಕೆ ತಲೆ ತಾಗಿಸಿ ನಮಸ್ಕರಿಸಿದ. "ಒಂದೇ ಒಂದು ಕಸುಬು ತೋರಿಸು ಅಂದಿರಿ. ಅದನ್ನೂ ತಮ್ಮ ಬಾಯಿಂದಲೇ ಹೇಳಿಬಿಟ್ಟಿರಿ. ಎಂಥ ಉದಾರ ಮನಸ್ಸು!"

"ಪಿತೂರಿ! ಇಬ್ಬರೂ ಸೇರಿ ಪಿತೂರಿ!"

"ಪಿತೂರಿ ಎಲ್ಲಿ ಬಂತು ಪ್ರಭು, ಆಜ್ಞಾಪಾಲನೆ."

ಗುರುಶಾಂತ ಕತ್ತರಿ ಕೆಳಗಿಟ್ಟ. "ತಪ್ಪು ತಿಳೀಬೇಡಿ ಬುದ್ಧೀ. ನೂಲು ಮಡಚಿ ಅರ್ಧ, ಕಾಲು ನೋಡೋದನ್ನ ನನಗೆ ಕಲಿಸಿದ್ದು ನಂಜರಸಯ್ಯನವರೇ. ಮುಂದೆ ಯುವರಾಜರ ಮೀಸೆಗೆ ಕತ್ತರಿ ಹಿಡಿಯೋನು ನನ್ನ ಮಗ. ಅವನೂ ಅದೇ ಮಠದಲ್ಲಿದ್ದ, ನಿನ್ನೆವರೆಗೆ. ಇನ್ನು ಅವನದ್ದೂ ಅಂದಾಜೇ."

ದೊರೆ ಕನ್ನಡಿಯಲ್ಲಿ ತನ್ನ ನೊಣಗಳನ್ನು ನೋಡಿಕೊಂಡ. ಮಗನ ಮುಖಕ್ಕೂ ಅವನ್ನು ಅಂಟಿಸಿ ನೋಡಿದನೇನೋ, ಬೆಚ್ಚಿಬಿದ್ದ.

"ಮಠದ ಬೀಗ ತೆಗೀರಿ. ನಂಜರಸಯ್ಯ ಇಲ್ಲೇ ಇರಲಿ. ಬೊಪ್ಪಣ್ಣಾ, ನಿನ್ನ ಮೀಸೆ ನಿನ್ನ ಹತ್ತಿರವೇ ಇಟ್ಕೊ, ನನ್ನ ಕಣ್ಣೆದುರಿಗೆ ಮಾತ್ರ ತಿರುವಬೇಡ." ಆಮೇಲೆ ದನಿ ತಗ್ಗಿಸಿ ಕ್ಷೌರಿಕನನ್ನು ಕೇಳಿದ, "ಇದು ಮೀಸೆ ಅನ್ನಿಸಿಕೊಳ್ಳೋ ಹಾಗೆ ಬೆಳೆಯೋಕೆ ಎಷ್ಟು ದಿನ ಬೇಕೋ? ಅಲ್ಲಿವರೆಗೆ ನಾನು ಪರದೆ ಹಿಂದೆ ಇರ್ತೀನಿ."

"ಎಂಟು ವಾರ ಬೇಕು ಬುದ್ಧೀ."

"ವಾರಕ್ಕೆ ಏಳು ದಿನ..." ದೊರೆ ಬೆರಳು ಮಡಚಿದ, ಬಿಚ್ಚಿದ, ಮುಖ ಅರಳಿತು. "ಓಹೋ, ಐವತ್ತನಾಲ್ಕೇ ದಿನ ತಾನೆ!"

"ಹೌದು ಪ್ರಭು" ಎಂದ ಬೊಪ್ಪಣ್ಣ. "ಐವತ್ತನಾಲ್ಕು ದಿನ ಪರದೆ ಹಿಂದೆ ಇರಿ. ಉಳಿದೆರಡು ದಿನ ಮಠಕ್ಕೆ ಹೋಗಿ ಬನ್ನಿ. ಆ ಹುಡುಗಿ ಪಕ್ಕ ಜಾಗ ಹಿಡಿದಿಡಲು ಹೇಳುತ್ತೇನೆ. ಮೀಸೆ ಇನ್ನೂ ಪೂರ್ತಿ ಬಂದಿರೋದಿಲ್ಲ, 'ಅಜ್ಜಾ' ಅನ್ನೋದೂ ಇಲ್ಲ."