ಮೇಸ್ತ್ರಿಯ ಕೈಗೆ ಸಿಗದ ಇಟ್ಟಿಗೆ

ತನ್ನನ್ನು ಎತ್ತಿ ಎಸೆದವಳ ಹಣೆಯನ್ನೇ ಒಂದು ಇಟ್ಟಿಗೆ ಒಡೆದುಹಾಕಿತು. ಇದನ್ನು ನಾನು ದ್ರೋಹ ಎಂದೇ ಕರೆಯುತ್ತೇನೆ.

ಹುಲಿಗೆಮ್ಮ ನೆಲದಲ್ಲಿ ನಿಂತು ನೇರ ಮೇಲಕ್ಕೆ ಇಟ್ಟಿಗೆ ಎಸೆಯುತ್ತಿದ್ದಳು. ಏರುವ ಇಟ್ಟಿಗೆ ವೇಗ ಕಳೆದುಕೊಂಡು ಒಂದು ಕ್ಷಣ ನಿಲ್ಲುತ್ತದೆ. ಗೋಡೆ ಕಟ್ಟಲು ನಿಲ್ಲಿಸಿದ್ದ ಸಾರುವೆಯ ಮೇಲಿದ್ದ ಮೇಸ್ತ್ರಿ ಆಗಲೇ ಅದನ್ನು ಹಿಡಿದು ಗೋಡೆಗೆ ಸೇರಿಸುತ್ತಿದ್ದ. ಈ ಇಟ್ಟಿಗೆ ಮಾತ್ರ ಅವನ ಕೈಯಿಂದ ನುಣುಚಿಕೊಂಡಿತು.

"ಗೋಡೆ ಯಾರಿಗೆ ಬೇಕು? ನೋಡಿ, ಯಾರ ಆಸರೆಯೂ ಇಲ್ಲದೆ ನಿಂತಿದ್ದೇನೆ!" ಎಂದಿತು.

ಗೋಡೆ ನೆಟ್ಟಗಿದೆಯೇ ಎಂದು ನೋಡಲು ಪಕ್ಕದಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟಿದ್ದ ತೂಕದ ಗುಂಡು ಹೇಳಿತು: "ತಮ್ಮಾ, ಹುಲಿಗೆಮ್ಮ ಕೊಟ್ಟ ವೇಗ ಮುಗಿದಿದೆ, ಅಷ್ಟೇ. ಬೇಗ ಮೇಸ್ತ್ರಿಯ ಕೈ ಸೇರು. ಕೆಳಗೆ ಅವಳಿದ್ದಾಳೆ."

"ದಾರಕ್ಕೆ ನೇತುಬಿದ್ದವನು ನನಗೆ ಬುದ್ಧಿ ಹೇಳಬೇಡ!"

ಮಾತು ಮುಗಿಯುವಷ್ಟರಲ್ಲಿ ಇಟ್ಟಿಗೆ ಬೀಳುತ್ತಿತ್ತು. ಹೋದ ವೇಗದಲ್ಲೇ ಬಂದು, ಮೇಲೆ ನೋಡುತ್ತಿದ್ದವಳ ಹಣೆಗೆ ಬಡಿಯಿತು.

ಹುಲಿಗೆಮ್ಮ ಸೆರಗಿನಿಂದ ರಕ್ತ ಒರೆಸಿಕೊಂಡು ಇನ್ನೊಂದು ಇಟ್ಟಿಗೆ ಎತ್ತಿದಳು. "ಗೋಡೆ ಸೇರುತ್ತೀಯೋ, ನನ್ನ ತಲೆಗೇ ಬರುತ್ತೀಯೋ? ಮೊದಲು ಹೇಳು, ಆಮೇಲೆ ಎಸೆಯುತ್ತೇನೆ."

ನೀವೂ ಯಾರನ್ನಾದರೂ ಮೇಲಕ್ಕೆ ಏರಿಸುವ ಮೊದಲು ಹೀಗೇ ಕೇಳಿ. ಉತ್ತರ ಕೊಡದವನನ್ನು ಅಲ್ಲೇ ಕೆಳಗಿಡಿ.