ನೀಲವ್ವನ ಏಲಕ್ಕಿ ಗಾಡಿ

ಹುಬ್ಬಳ್ಳಿಯಲ್ಲಿ ಶಿವಪುತ್ರಪ್ಪ ಎಂಬ ಮನುಷ್ಯನಿದ್ದ. ರೈಲು ಕಾರ್ಖಾನೆಯಲ್ಲಿ ಲೇತ್ ಮಷಿನ್ ಮೇಲೆ ಗಾಡಿಯ ಗಾಲಿಗಳನ್ನು ಸರಿಮಾಡುತ್ತಿದ್ದವನು, ಈಗ ನಿವೃತ್ತ. ಮನೆಯಲ್ಲಿ ಚಿಕ್ಕ ಚಿಕ್ಕ ರೈಲುಗಳನ್ನು ಮಾಡಿ ಓಡಿಸುವುದು ಅವನ ಹುಚ್ಚು. ಹುಚ್ಚು ಎಂದರೆ ಬೈಗುಳ ಅಂತ ತಿಳಿಯಬೇಡಿ. ಯಾವ ಹುಚ್ಚೂ ಇಲ್ಲದ ಮನುಷ್ಯನ ಮನೆಗೆ ಹೋದರೆ ಚಹಾ ಕೂಡ ಸಪ್ಪಗಿರುತ್ತದೆ.

ಅವನ ಜೊತೆ ಅವನ ಅಕ್ಕ ನೀಲವ್ವ ಇದ್ದಳು. ಅವಳ ಗಂಡ ರೈಲ್ವೆ ಗೇಟ್ ಕಾಯುವವನಾಗಿದ್ದ. ಹೆಸರಿಗೆ ಅವನು ಗೇಟಿನವನು, ಆದರೆ ಗಾಡಿ ಬರುವುದು ಮೊದಲು ಗೊತ್ತಾಗುತ್ತಿದ್ದುದು ಇವಳಿಗೆ. ರೊಟ್ಟಿ ಬಡಿಯುತ್ತಾ ಕೂತವಳು ಕೈ ನಿಲ್ಲಿಸಿ, "ಗೇಟ್ ಹಾಕ್ರಿ, ಗೂಡ್ಸ್ ಬಂತು," ಎನ್ನುತ್ತಿದ್ದಳು. ಗಂಡ ಹೋದ ಮೇಲೆ ತಮ್ಮನ ಮನೆಗೆ ಬಂದಳು. ಆಮೇಲೆ ಎರಡೂ ಕಣ್ಣು ಹೋದವು, ಕಾಲಿನ ಬಲವೂ ಹೋಯಿತು. ಉಳಿದದ್ದು ಕಿವಿ ಮಾತ್ರ. ನಡುಮನೆಯ ಕಬ್ಬಿಣದ ಮಂಚವೇ ಅವಳ ಊರಾಯಿತು.

ಶಿವಪುತ್ರಪ್ಪ ಅಕ್ಕನಿಗಾಗಿ ಒಂದು ಕೆಲಸ ಮಾಡಿದ್ದ. ತನ್ನ ಕೋಣೆಯಿಂದ ಗೋಡೆಗೆ ತೂತು ಕೊರೆದು, ಗೋಡೆಯುದ್ದಕ್ಕೂ ಹಲಗೆ ಬಡಿದು, ಅದರ ಮೇಲೆ ಪುಟ್ಟ ಹಳಿ ಹಾಕಿ, ಅದನ್ನು ಅವಳ ಮಂಚದ ತಲೆದೆಸೆಯವರೆಗೆ ತಂದಿದ್ದ. ಸಂಜೆ ಊಟವಾದ ಮೇಲೆ ರೈಲಿನ ತೆರೆದ ಡಬ್ಬಿಯೊಂದರಲ್ಲಿ ಒಂದು ಏಲಕ್ಕಿ ಇಟ್ಟು ಗಾಡಿ ಬಿಡುತ್ತಿದ್ದ. ಅಂಗಡಿಯಲ್ಲಿ ಸಿಗುವ ಗಿಡ್ಡ ಗಿಡ್ಡ ಹಳಿಯ ತುಂಡುಗಳು, ದಪ್ಪ ಗಾಲಿಗಳು. ಪ್ರತಿ ಜೋಡಣೆಗೂ ಟಕ್-ಟಕ್ ಎಂದು ಸದ್ದು ಮಾಡುತ್ತಾ, ಹಲಗೆಯನ್ನೆಲ್ಲ ನಡುಗಿಸುತ್ತಾ ಗಾಡಿ ಬರುತ್ತಿತ್ತು. ಗೋಡೆಯ ಆಚೆ ಇರುವಾಗಲೇ ನೀಲವ್ವನ ಮುಖ ಅರಳುತ್ತಿತ್ತು. "ಬಂತು ನೋಡು," ಎಂದು ಕೈ ಚಾಚಿ, ಡಬ್ಬಿ ಸವರಿ, ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಸೆರಗಿನ ತುದಿ ಹಿಡಿದು ಹಸಿರು ನಿಶಾನೆ ತೋರಿಸಿದ ಹಾಗೆ ಬೀಸುತ್ತಿದ್ದಳು. ಗಾಡಿ ಹಿಂದಕ್ಕೆ ಹೋಗುತ್ತಿತ್ತು. ಅಲ್ಲಿಗೆ ಅವಳ ದಿನ ಮುಗಿಯುತ್ತಿತ್ತು.

ಒಮ್ಮೆ ಮೈಸೂರಿನಿಂದ ಪದ್ಮರಾಜಯ್ಯ ಎಂಬುವರು ಬಂದರು. ಅವರಿಗೂ ಇದೇ ಹುಚ್ಚು. ಗಾಡಿಗಳನ್ನೆಲ್ಲ ಕೈಯಲ್ಲಿ ತಿರುಗಿಸಿ ನೋಡಿ ಮೆಚ್ಚಿಕೊಂಡರು. ಕೊನೆಗೆ ಒಂದು ಮಾತು ಹೇಳಿದರು.

"ಶಿವಪುತ್ರಪ್ಪನವರೇ, ಬೋಗಿ ಅಳತೆಗೆ ಸರಿಯಾಗಿದೆ. ಆದರೆ ಹಳಿ ಇಕ್ಕಟ್ಟು. ಅಂಗಡಿ ಹಳಿ ಅಲ್ವಾ, ಎಲ್ಲ ದೇಶಕ್ಕೂ ಒಂದೇ ಅಳತೆ. ನಮ್ಮ ಬ್ರಾಡ್‌ಗೇಜ್ ಅಗಲ ಬರಬೇಕು ಅಂದ್ರೆ ಗಾಲಿಗಳು ಇನ್ನೊಂದು ಅಕ್ಕಿಕಾಳಿನಷ್ಟು ದೂರ ಇರಬೇಕು. ಈಗ ಕಾಲು ಜೋಡಿಸಿಕೊಂಡು ನಿಂತ ಹಾಗೆ ಕಾಣುತ್ತೆ."

ಶಿವಪುತ್ರಪ್ಪನ ಮುಖ ಸಣ್ಣಗಾಯಿತು. ಪದ್ಮರಾಜಯ್ಯ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಬದಲಾಯಿಸೋದಿದ್ರೆ ಒಂದೇ ಒಂದು ಡಬ್ಬಿಯಿಂದ ಶುರು ಮಾಡಿ. ಮೊಳದುದ್ದ ಹೊಸ ಹಳಿ ಹಾಕಿ, ಕೈಯಿಂದ ತಳ್ಳಿ ನೋಡಿ. ಬೀಳಲಿಲ್ಲ ಅಂದ್ರೆ ಇನ್ನೊಂದು. ಹೊಸದು ಓಡೋವರೆಗೂ ಹಳೇದನ್ನ ಮುಟ್ಟಬೇಡಿ," ಎಂದೂ ಹೇಳಿದರು.

ನಮ್ಮ ಕಿವಿಗೊಂದು ಚಾಳಿ ಇದೆ. ತಪ್ಪು ಎತ್ತಿ ಆಡಿದ ಮಾತು ಪೂರಾ ಕೇಳುತ್ತದೆ, ಬುದ್ಧಿಮಾತು ಅರ್ಧ ಮಾತ್ರ. ಶಿವಪುತ್ರಪ್ಪನಿಗೆ ಕೇಳಿಸಿದ್ದು 'ಕಾಲು ಜೋಡಿಸಿಕೊಂಡು ನಿಂತ ಹಾಗೆ' ಎಂಬುದಷ್ಟೇ. ಅದುವರೆಗೆ ಕಣ್ಣಿಗೆ ಬೀಳದಿದ್ದ ಆ ಅಕ್ಕಿಕಾಳು ಅವತ್ತಿನಿಂದ ಬೆಟ್ಟದಷ್ಟಾಯಿತು. ಉಂಡರೂ ಅದೇ, ಮಲಗಿದರೂ ಅದೇ.

ಅವನು ರೈಲ್ವೆ ಮನುಷ್ಯ. ದೊಡ್ಡ ಹಳಿ ಹಾಕುವಾಗ ರೈಲ್ವೆಯವರು ಲೈನ್ ಬಂದ್ ಮಾಡಿ, ಹಳೆಯದನ್ನು ಕಿತ್ತು, ಹೊಸದು ಹಾಸುವುದನ್ನು ಕಂಡವನು. ಮನೆಯಲ್ಲೂ ಹಾಗೇ ಮಾಡಿದ. ಕೋಣೆಯ ಬಾಗಿಲ ಮೇಲೆ ಸುಣ್ಣದಕಡ್ಡಿಯಿಂದ 'ಲೈನ್ ಬಂದ್' ಎಂದು ಬರೆದ. ಒಂದೇ ಮಧ್ಯಾಹ್ನದಲ್ಲಿ ಎಲ್ಲ ಗಾಡಿಗಳ ಗಾಲಿ ಕಿತ್ತ. ಹಲಗೆಯ ಮೇಲಿನ ಹಳಿಯನ್ನೂ ಎಬ್ಬಿಸಿದ.

ಇಕ್ಕಳದ ಸದ್ದು ಕೇಳಿ ನೀಲವ್ವ ಕೂಗಿದಳು. "ಏನ್ ಕೀಳಾಕತ್ತೀಯೋ ತಮ್ಮಾ?"

"ಹಳಿ ಅಕ್ಕಾ. ಅಗಲ ಮಾಡಾಕತ್ತೀನಿ. ಖರೇ ಗಾಡಿ ಹಂಗ ಆಗತೈತಿ."

"ನನಗ ಅದು ಖರೇ ಗಾಡಿನ ಇತ್ತಲ್ಲೋ."

"ನಿನಗ ಕಾಣೂದಿಲ್ಲ, ಅದಕ್ಕ ಹಂಗಂತಿ."

ನೀಲವ್ವ ಕೈ ಚಾಚಿ ತಲೆದೆಸೆಯ ಹಲಗೆ ಸವರಿದಳು. ಆಮೇಲೆ, "ಒಂದು ಲೈನ್ ಆದ್ರೂ ಉಳಸೋ. ಏಲಕ್ಕಿದು," ಎಂದಳು.

"ಒಂದ ಮನ್ಯಾಗ ಎರಡು ಗೇಜ್ ಬ್ಯಾಡ ಅಕ್ಕಾ. ಸ್ವಲ್ಪ ದಿನ ತಡಿ."

"ಲೈನ್ ಬಂದ್ ಮಾಡಿದ್ರ ರೈಲ್ವೆಯವರು ಬಸ್ ಬಿಡತಿದ್ರು. ನೀ ಏನ್ ಬಿಡತಿ?" ಎಂದು ಅಕ್ಕ ನಕ್ಕಳು.

"ನಾನ ಬಸ್ಸು. ದಿನಾ ಬಂದು ಏಲಕ್ಕಿ ಕೊಡತೀನಿ ತಗೋ," ಎಂದು ತಮ್ಮನೂ ನಕ್ಕ. ಕೆಲವು ದಿನ ಕೊಟ್ಟ. ಆಮೇಲೆ ಬಸ್ಸು ತಪ್ಪತೊಡಗಿತು. ಇನ್ನೂ ಸ್ವಲ್ಪ ದಿನಕ್ಕೆ ನಿಂತೇಹೋಯಿತು.

ಹಳೆಯ ಗಾಲಿ, ಹಳೆಯ ಹಳಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಗುಜರಿಗೆ ಹಾಕಿದ. ಮನೆಯಲ್ಲಿದ್ದರೆ ಮನಸ್ಸು ಹಿಂದಕ್ಕೆ ಎಳೆಯುತ್ತದಂತೆ. ಎಂಥ ಶೂರ ನೋಡಿ.

ಹೊಸ ಗಾಲಿಗಳನ್ನು ತೆಳ್ಳಗೆ, ನಾಜೂಕಾಗಿ ತಾನೇ ಮಾಡಿದ. ಎರಡು ಗಾಲಿಗಳ ನಡುವಿನ ಅಂತರ ನೋಡಲು ಒಂದು ಹಿತ್ತಾಳೆಯ ತುಂಡು ಕತ್ತರಿಸಿಕೊಂಡ. ಆ ತುಂಡು ನಡುವೆ ಬಿಗಿಯಾಗಿ ಕೂತರೆ ಅಳತೆ ಸರಿ. ಒಂದೊಂದೇ ಗಾಡಿಗೆ ಹಾಕಿ ನೋಡುವ ತಾಳ್ಮೆ ಇರಲಿಲ್ಲ. ಎಲ್ಲವನ್ನೂ ಮಾಡಿ ಮುಗಿಸಿ, ಎಲ್ಲವನ್ನೂ ಜೋಡಿಸಿ, ಆಮೇಲೆ ಹಳಿಯ ಮೇಲಿಟ್ಟ. ಹಳಿ ಕವಲೊಡೆಯುವ ಜಾಗಕ್ಕೆ ಬಂದ ಕೂಡಲೇ ಮೊದಲ ಡಬ್ಬಿ ಬಿತ್ತು. ಎರಡನೆಯದೂ ಬಿತ್ತು. ಹಿತ್ತಾಳೆಯ ತುಂಡೇ ಕೂದಲೆಳೆಯಷ್ಟು ತಪ್ಪಾಗಿತ್ತು. ಒಂದು ಗಾಡಿಯಲ್ಲಿ ಆಗಿ ಮುಗಿಯಬೇಕಿದ್ದ ತಪ್ಪು ಎಲ್ಲ ಗಾಡಿಗಳಲ್ಲೂ ಆಗಿತ್ತು. ಮತ್ತೆ ಎಲ್ಲ ಕಿತ್ತು, ಎಲ್ಲ ಮೊದಲಿನಿಂದ.

ಸಂಜೆ ಸಂಜೆ ನೀಲವ್ವ ಕೇಳುತ್ತಿದ್ದಳು. "ಗಾಡಿ ಎಷ್ಟು ಲೇಟೋ?"

"ನಾಳೆ ಬರತೈತಿ ಅಕ್ಕಾ."

ನಾಳೆ ಎಂದವನ ಮನೆ ಹಾಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮಳೆಗಾಲ ಹೋಯಿತು, ಚಳಿ ಬಂತು. ಚಳಿಯಲ್ಲಿ ನೀಲವ್ವನಿಗೆ ನೆಗಡಿ, ಜ್ವರ. ಜ್ವರ ಬಿಟ್ಟಿತು. ಅದರ ಜೊತೆ ಕಿವಿಯೂ ಮಂದವಾಗತೊಡಗಿತು. ಗಾಡಿ ಎಷ್ಟು ಲೇಟು ಎಂದು ಅವಳು ಕೇಳುವುದನ್ನು ನಿಲ್ಲಿಸಿದಳು. ತಮ್ಮ ಊಟದ ತಟ್ಟೆ ಅವಳ ಕೈಗಿಟ್ಟು ಕೋಣೆಗೆ ಓಡುತ್ತಿದ್ದ; ಅಲ್ಲಿಂದ ಏನಾದರೂ ಕೂಗಿದರೆ ಉತ್ತರ ಬರುತ್ತಿರಲಿಲ್ಲ. ಅಕ್ಕ ಮುನಿಸಿಕೊಂಡಿದ್ದಾಳೆ, ಗಾಡಿ ಓಡಿದ ದಿನ ಸರಿಹೋಗುತ್ತಾಳೆ ಎಂದು ಅವನು ತಿಳಿದ. ಹಳೆಯ ಗಾಡಿ ದಿನಾ ಓಡುತ್ತಿದ್ದರೆ, ಕೈ ಚಾಚದ ಮೊದಲ ಸಂಜೆಯೇ ಅವನಿಗೆ ಗೊತ್ತಾಗುತ್ತಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬಹುದಿತ್ತು. ಗಾಡಿ ಇರಲಿಲ್ಲ, ಗೊತ್ತಾಗಲಿಲ್ಲ.

ಕೊನೆಗೊಂದು ದಿನ ಎಲ್ಲ ಸಿದ್ಧವಾಯಿತು. ಜೋಡಣೆಯೇ ಇಲ್ಲದ ಉದ್ದನೆಯ ಹಳಿ. ಹಲಗೆ ಅದುರದಂತೆ ಕೆಳಗೆ ಮೆತ್ತನೆಯ ಹಾಸು. ಗಾಲಿಗಳು ಅಳತೆಗೆ ಸರಿ, ನಿಲುವು ಸರಿ. ನಿಜವಾದ ಗಾಡಿಯನ್ನು ದೂರದ ಗುಡ್ಡದಿಂದ ನೋಡಿದ ಹಾಗೆಯೇ ಕಾಣುತ್ತಿತ್ತು. ಬೆಕ್ಕು ನಡೆದಷ್ಟೂ ಸಪ್ಪಳವಿಲ್ಲ. ಶಿವಪುತ್ರಪ್ಪನ ಕಣ್ಣು ತುಂಬಿ ಬಂತು. ಡಬ್ಬಿಯಲ್ಲಿ ಏಲಕ್ಕಿ ಇಟ್ಟು ಗಾಡಿ ಬಿಟ್ಟ. ತಾನು ನಡುಮನೆಯ ಬಾಗಿಲಲ್ಲಿ ಬಂದು ನಿಂತ.

ಗಾಡಿ ಗೋಡೆ ದಾಟಿ ಬಂತು. ಮಂಚದ ತಲೆದೆಸೆಯಲ್ಲಿ ಬಂದು ನಿಂತಿತು. ನೀಲವ್ವ ಸೂರಿನ ಕಡೆ ಮುಖ ಮಾಡಿ ಮಲಗಿದ್ದಳು. ಕೈ ಅಲುಗಲಿಲ್ಲ. ಅವನು ಕಾದ. ಅವಳೂ ಕಾಯುತ್ತಿದ್ದಳು. ಒಬ್ಬರು ಕಾಯುತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ತುಸು ಹೊತ್ತಾದ ಮೇಲೆ ಅವಳೇ ತನ್ನಷ್ಟಕ್ಕೆ ಎಂಬಂತೆ ಕೇಳಿದಳು. "ಇವತ್ತೂ ಬರಲಿಲ್ಲೇನೋ?"

"ಬಂದೈತಿ ಅಕ್ಕಾ. ನಿನ್ನ ಮುಂದ ನಿಂತೈತಿ."

ಅವಳ ಮುಖ ಸೂರಿನ ಕಡೆಯೇ ಇತ್ತು. ಅವನು ಹತ್ತಿರ ಹೋಗಿ, ಕಿವಿಗೆ ಬಾಯಿ ಇಟ್ಟು ಜೋರಾಗಿ ಹೇಳಿದ. ಉಸಿರು ತಾಗಿದ ಕಡೆ ತಿರುಗಿ, "ಏನಂದ್ಯೋ?" ಎಂದಳು. ಆಗ ಅವನಿಗೆ ಗೊತ್ತಾಯಿತು. ಮುನಿಸಲ್ಲ, ಕಿವಿ ಹೋಗಿದೆ.

ಅಕ್ಕನ ಕೈ ಹಿಡಿದು ಡಬ್ಬಿಯ ಮೇಲಿಟ್ಟ. ಅವಳು ಸವರಿದಳು. ಗಾಲಿ ಸವರಿದಳು, ಹಳಿ ಸವರಿದಳು, ಏಲಕ್ಕಿ ಮುಟ್ಟಿ ಅಲ್ಲೇ ಬಿಟ್ಟಳು.

"ಇದು ಬಂದದ್ದಲ್ಲ ತಮ್ಮಾ," ಎಂದಳು. "ತಂದಿಟ್ಟದ್ದು."

ಮರುದಿನ ಬೆಳಿಗ್ಗೆಯೇ ಗುಜರಿಯವನ ಹತ್ತಿರ ಓಡಿದ. ಹಳೆಯ ದಪ್ಪ ಗಾಲಿಗಳು, ಟಕ್-ಟಕ್ ಎನ್ನುವ ಹಳಿಯ ತುಂಡುಗಳು ಸಿಕ್ಕರೆ ಹಲಗೆ ನಡುಗೀತು, ಆ ನಡುಕ ಮಂಚದ ಕಬ್ಬಿಣಕ್ಕೆ ಇಳಿದೀತು, ಅಕ್ಕನ ಕಿವಿಗಲ್ಲದಿದ್ದರೂ ತಲೆಗೆ ಮುಟ್ಟೀತು ಎಂಬ ಆಸೆ. "ಅದು ಯಾವಾಗಲೋ ಕರಗಿ ಹೋತ್ರಿ," ಎಂದ ಗುಜರಿಯವ. ಅಂಗಡಿಯಲ್ಲಿ ಹೊಸ ಹಳಿ ಸಿಗುತ್ತಿತ್ತು ನಿಜ. ಆದರೆ ಆ ದಪ್ಪ ಗಾಲಿ ಈಗ ಬರುತ್ತಿರಲಿಲ್ಲ, ಅದಕ್ಕೆ ಕೂರುವ ಒಂದು ಗಾಡಿಯೂ ಮನೆಯಲ್ಲಿ ಉಳಿದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆ ಸಂಜೆ ಅವನು ಒಂದು ಉಪಾಯ ಮಾಡಿದ. ಗಾಡಿ ಬಿಟ್ಟ. ಅದು ಬರುವ ಹೊತ್ತಿಗೆ ಮಂಚದ ಕಬ್ಬಿಣದ ಕಾಲಿಗೆ ಆ ಹಿತ್ತಾಳೆಯ ತುಂಡಿನಿಂದ ಬಡಿಯತೊಡಗಿದ. ಟಕ್-ಟಕ್. ಟಕ್-ಟಕ್. ದೂರದಿಂದ ಬಂದಂತೆ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

ನೀಲವ್ವನ ಮುಖ ಅರಳಿತು. ಕತ್ತು ಎತ್ತಿದಳು. ಸೆರಗಿನ ತುದಿಗೆ ಕೈ ಹೋಯಿತು. ಅಷ್ಟರಲ್ಲಿ ಏನೋ ಅನುಮಾನ ಬಂದು ಕೈ ನಿಂತಿತು. ಜೀವಮಾನವಿಡೀ ಗಾಡಿಯ ಸದ್ದು ಗುರುತಿಸಿದವಳು ಅವಳು. ಮಂಚದ ಅಂಚಿನಲ್ಲಿ ಕೈಯಾಡಿಸಿ, ಕೆಳಗಿಳಿಸಿ, ತಮ್ಮನ ಮುಂಗೈ ಹಿಡಿದಳು. ಹಿತ್ತಾಳೆಯ ತುಂಡು ಅವಳ ಬೆರಳಿಗೆ ಸಿಕ್ಕಿತು. ಬೈಯಲಿಲ್ಲ. ಅವನ ಕೈಯನ್ನು ಒಮ್ಮೆ ಸವರಿ ಬಿಟ್ಟಳು.

"ಗೇಟ್ ತಗಿಯೋ ತಮ್ಮಾ," ಎಂದಳು. "ಇನ್ನ ಯಾವ ಗಾಡಿನೂ ಇಲ್ಲ."

ಆಮೇಲೂ ಶಿವಪುತ್ರಪ್ಪ ದಿನಾ ಸಂಜೆ ಗಾಡಿ ಬಿಡುತ್ತಾನೆ. ಅಳತೆಯಲ್ಲಿ ಒಂದು ಕೂದಲೆಳೆಯೂ ತಪ್ಪಿಲ್ಲದ ಗಾಡಿ. ಅದು ಸದ್ದಿಲ್ಲದೆ ಹೋಗುತ್ತದೆ, ಸದ್ದಿಲ್ಲದೆ ಬರುತ್ತದೆ. ಏಲಕ್ಕಿ ಹೋದ ಹಾಗೆಯೇ ವಾಪಸು ಬರುತ್ತದೆ.

ನೀತಿ: ಇದ್ದದ್ದನ್ನು ಇನ್ನೂ ಚೆಂದ ಮಾಡುವ ಆಸೆ ತಪ್ಪಲ್ಲ. ಆದರೆ ಒಂದು ಡಬ್ಬಿಯಿಂದ, ಮೊಳದುದ್ದ ಹಳಿಯಿಂದ ಶುರು ಮಾಡಿ. ಹೊಸದು ಓಡಿ ತೋರಿಸುವ ತನಕ ಹಳೆಯದನ್ನು ಕೀಳಬೇಡಿ. ಅದು ಯಾರಿಗಾಗಿ ಓಡುತ್ತಿತ್ತೋ ಮೊದಲು ಅವರನ್ನೇ ಕೇಳಿ. ನಾವು ಕೆಲಸ ಮುಗಿಸುವ ತನಕ ಅವರು ಕಾದಾರು, ಅವರ ಕಿವಿ ಕಾಯುವುದಿಲ್ಲ. ಈ ಕಥೆಯನ್ನು ಹತ್ತು ಮಂದಿಗೆ ಕಳಿಸಿದರೆ ಪುಣ್ಯ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಫೋನು ಕೆಳಗಿಟ್ಟು, ನಿಮ್ಮ ಮನೆಯ ಮಂಚದ ಹತ್ತಿರ ಹೋಗಿ ಒಂದು ಏಲಕ್ಕಿ ಕೊಟ್ಟು ಬನ್ನಿ, ಸಾಕು.