ಹರಿಗೋಲು ಮತ್ತು ಒಂಟಿ ಕೊಕ್ಕರೆ

ಕಾಡಿನ ಕೆರೆಗಳನ್ನು ಸುತ್ತಲು ಹೊರಟ ಅಪ್ಪ, ಅಮ್ಮ, ಮಗಳು ಒಂದು ಕೆರೆ ದಾಟಿ, ಹರಿಗೋಲನ್ನು ತಲೆಯ ಮೇಲೆ ಹೊತ್ತು ಮುಂದಿನ ಕೆರೆಗೆ ನಡೆದರು. ದಣಿದು ಅದನ್ನು ದಡದಲ್ಲಿ ಇಳಿಸಿದಾಗ ಅಲ್ಲಿದ್ದ ಒಂಟಿ ಕೊಕ್ಕರೆ ಹರಿಗೋಲನ್ನು ಕೇಳಿತು: “ನಿನ್ನ ಭಾರ ಅವರಿಗೇಕೆ?”

“ನೀರಿನಲ್ಲಿ ನಾನು ಅವರನ್ನು ಹೊರುತ್ತೇನೆ, ನೆಲದ ಮೇಲೆ ಅವರು ನನ್ನನ್ನು ಹೊರುತ್ತಾರೆ.”

“ನನಗೆ ಯಾರ ಹಂಗೂ ಇಲ್ಲ. ಎಲ್ಲರನ್ನೂ ಓಡಿಸಿದ್ದೇನೆ. ಈ ಕೆರೆಯೆಲ್ಲ ನನ್ನದೇ.”

“ಹಾಗಾದರೆ ನಿನಗೆ ಮಾತಿಗೆ ಯಾರಿದ್ದಾರೆ?”

ಹರಿಗೋಲು ನೀರಿಗಿಳಿದು ಹೊರಟಾಗ ಕೊಕ್ಕರೆಗೆ ಸಂಕಟವಾಗಿ, “ಇನ್ನೊಂದು ಗಳಿಗೆ ಇರಿ” ಎಂದು ಕರೆಯಹೋಯಿತು. ಆದರೆ ಇಷ್ಟು ವರ್ಷ ಬೆದರಿಸುವುದನ್ನಷ್ಟೇ ಕಲಿತ ಗಂಟಲಿನಿಂದ ಕರ್ಕಶವಾದ ಕೂಗೊಂದೇ ಹೊರಟಿತು.

“ಅಪ್ಪಾ, ಹಕ್ಕಿಗೆ ಸಿಟ್ಟು ಬಂದಿದೆ. ಬೇಗ ಹೋಗೋಣ,” ಎಂದಳು ಮಗಳು.

ಅಪ್ಪ ಜೋರಾಗಿ ಹುಟ್ಟು ಹಾಕಿದ.